ಸೊಪ್ಪು ಬಿಡಬೇಕಾ, ಮಾತ್ರೆ ಬಿಡಬಹುದಾ? ವಾರ್ಫರಿನ್ ತೆಗೆದುಕೊಳ್ಳುವವರ ಊಟದ ಬಗ್ಗೆ

ಪ್ರಶ್ನೆ: ನಮ್ಮ ತಾಯಿಗೆ 56 ವರ್ಷ. ನಾಲ್ಕು ವರ್ಷದ ಹಿಂದೆ ಹೃದಯದ ಮೈಟ್ರಲ್ ಕವಾಟ ತೆಗೆದು ಲೋಹದ ಕವಾಟ ಹಾಕಿದ್ದಾರೆ. ಅಂದಿನಿಂದ ರಕ್ತ ಹೆಪ್ಪುಗಟ್ಟದಿರಲಿ ಎಂದು ದಿನಾ ಸಂಜೆ ವಾರ್ಫರಿನ್ ಮಾತ್ರೆ. ಸೊಪ್ಪು ತಿನ್ನಬಾರದು ಎಂದು ಯಾರೋ ಹೇಳಿದ್ದರಿಂದ ಮನೆಯಲ್ಲಿ ಸೊಪ್ಪಿನ ಸಾರು ಮಾಡುವುದನ್ನೇ ನಿಲ್ಲಿಸಿದ್ದೇವೆ. ಆದರೂ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ (ಸಂಖ್ಯೆ ಏರಿದಷ್ಟೂ ಹೆಪ್ಪುಗಟ್ಟುವುದು ನಿಧಾನ) ಒಂದೇ ಕಡೆ ನಿಲ್ಲುವುದಿಲ್ಲ. ಯುಗಾದಿಗೆ ತವರಿಗೆ ಹೋಗಿ ಎಂಟು ದಿನ ಇದ್ದು ಬಂದಾಗ 1.7 ಇತ್ತು. ಆಮೇಲೆ ಹೊಟ್ಟೆ ಕೆಟ್ಟು ಅದಕ್ಕೆ ಮಾತ್ರೆ ತೆಗೆದುಕೊಂಡರು, ಆಗ 4.6 ಬಂತು. ಬೆಳ್ಳುಳ್ಳಿ, ಶುಂಠಿ, ಅರಿಶಿನ ಹಾಕಿದ ಕಷಾಯ ಕುಡಿದರೆ ರಕ್ತ ತಾನಾಗಿಯೇ ತೆಳುವಾಗುತ್ತದೆ, ಈ ಇಲಿಪಾಷಾಣದ ಮಾತ್ರೆ ಬಿಟ್ಟುಬಿಡಿ ಎಂದು ಚಿಕ್ಕಪ್ಪ ಹೇಳುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ಮೊದಲು ಎರಡು ಮಾತು ಹೇಳಿಬಿಡುತ್ತೇನೆ. ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ. ಸೊಪ್ಪನ್ನು ಪೂರ್ತಿ ಬಿಡಬೇಕಾಗಿರಲಿಲ್ಲ. ಆದರೆ ನಾಳೆಯೇ ದೊಡ್ಡ ಪಾತ್ರೆ ತುಂಬ ಮಸೊಪ್ಪು ಮಾಡಬೇಡಿ. ಮುಂದೆ ಓದಿ, ಆಮೇಲೆ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ.

‘ರಕ್ತ ತೆಳುವಾಗುವ ಮಾತ್ರೆ’ ಎನ್ನುವುದು ರೂಢಿಯ ಮಾತು. ನಿಜಕ್ಕೂ ರಕ್ತ ನೀರಾಗುವುದಿಲ್ಲ, ಅದರ ದಪ್ಪ ಮೊದಲಿನಷ್ಟೇ ಇರುತ್ತದೆ. ಹೆಪ್ಪುಗಟ್ಟಲು ಹಿಡಿಯುವ ಹೊತ್ತು ಮಾತ್ರ ಜಾಸ್ತಿಯಾಗುತ್ತದೆ. ಕೈ ಕೊಯ್ದುಕೊಂಡರೆ ದೇಹ ಎರಡು ಕೆಲಸ ಶುರುಮಾಡುತ್ತದೆ. ಡೆಂಗೆ ಬಂದಾಗ ಎಲ್ಲರೂ ಎಣಿಸುವ ಪ್ಲೇಟ್‌ಲೆಟ್‌ಗಳು ಓಡಿಬಂದು ಗಾಯದ ಬಾಯಿಗೆ ಅಂಟಿಕೊಳ್ಳುತ್ತವೆ. ಅದೇ ಹೊತ್ತಿಗೆ ರಕ್ತದಲ್ಲಿರುವ ಕೆಲವು ಪ್ರೋಟೀನ್‌ಗಳು ಒಂದನ್ನೊಂದು ಎಬ್ಬಿಸುತ್ತಾ ಹೋಗಿ, ಕೊನೆಗೆ ಫೈಬ್ರಿನ್ ಎಂಬ ಬಲೆ ನೇಯುತ್ತವೆ. ಪ್ಲೇಟ್‌ಲೆಟ್ ಕಲ್ಲಿದ್ದಂತೆ, ಫೈಬ್ರಿನ್ ಗಾರೆ ಇದ್ದಂತೆ. ಈ ಎರಡು ಕೆಲಸ ಬೇರೆ ಬೇರೆ ಎಂಬುದನ್ನು ನೆನಪಿಡಿ. ಚಿಕ್ಕಪ್ಪನ ಕಷಾಯಕ್ಕೆ ಬಂದಾಗ ಇದೇ ಮುಖ್ಯವಾಗುತ್ತದೆ.

ಚಿಕ್ಕಪ್ಪ ಹೇಳಿದ ಇಲಿಪಾಷಾಣದ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಕಥೆ. ಉಳಿದರ್ಧ ಕೇಳಿದರೆ, ಅವರು ದೂರುತ್ತಿರುವ ಮಾತ್ರೆಯೂ ಒಂದು ಹುಲ್ಲಿನಿಂದಲೇ ಹುಟ್ಟಿದ್ದು ಎಂದು ಗೊತ್ತಾಗುತ್ತದೆ.

1920ರ ದಶಕದಲ್ಲಿ ಕೆನಡಾದಲ್ಲೂ ಅಮೆರಿಕದ ಉತ್ತರದ ಬಯಲುಗಳಲ್ಲೂ ದನಗಳು ರಕ್ತ ಸುರಿದು ಸಾಯತೊಡಗಿದವು. ಕೊಂಬು ಕತ್ತರಿಸಿದರೆ ಸಾಕು, ರಕ್ತ ನಿಲ್ಲುತ್ತಿರಲಿಲ್ಲ. ಕೆಲವು ಗಾಯವೇ ಇಲ್ಲದೆ ಒಳಗೊಳಗೇ ರಕ್ತ ಸೋರಿ ಬೀಳುತ್ತಿದ್ದವು. ಅಲ್ಲಿನ ರೈತರು ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡ ಬೆಳೆಯುತ್ತಿದ್ದರು. ನಮ್ಮ ಮೆಂತ್ಯಕ್ಕೆ ಅದು ತೀರಾ ಹತ್ತಿರದ ನೆಂಟ, ಎಲೆಯೂ ಮೆಂತ್ಯದ ಹಾಗೇ ಮೂರು ಮೂರಾಗಿ ಬರುತ್ತದೆ. ಆಂಟೇರಿಯೊದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಒಂದೇ ಬಣವೆಯಿಂದ ಒಳ್ಳೆಯ ಕಡ್ಡಿಗಳನ್ನೂ ಹಾಳಾದ ಕಡ್ಡಿಗಳನ್ನೂ ಬೇರೆ ಮಾಡಿದರು. ಎರಡನ್ನೂ ಬೇರೆ ಬೇರೆ ಮೊಲಗಳಿಗೆ ತಿನ್ನಿಸಿದರು. ಒಳ್ಳೆಯ ಕಡ್ಡಿ ತಿಂದ ಮೊಲಕ್ಕೆ ಏನೂ ಆಗಲಿಲ್ಲ. ಹಾಳಾದದ್ದನ್ನು ತಿಂದದ್ದು ರಕ್ತಸ್ರಾವದಿಂದ ಸತ್ತಿತು. ತಪ್ಪು ಗಿಡದ್ದಲ್ಲ, ಮೇವಿಗೆ ಹಿಡಿದ ಬೂಷ್ಟಿನದು ಎಂದು ಹೀಗೆ ತಿಳಿಯಿತು.

1933ರ ಫೆಬ್ರವರಿಯಲ್ಲಿ ಎಡ್ ಕಾರ್ಲ್‌ಸನ್ ಎಂಬ ವಿಸ್ಕಾನ್ಸಿನ್ ರೈತ ಹಿಮಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಮ್ಯಾಡಿಸನ್ ಊರಿಗೆ ಬಂದ. ಗಾಡಿಯಲ್ಲಿ ಸತ್ತ ಕಡಸು, ಒಂದಷ್ಟು ಹಾಳಾದ ಮೇವು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವನಿಗೆ ಸಿಕ್ಕಿದವರು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿ. ಆ ಮೇವು ಹಾಕಬೇಡ ಎನ್ನುವುದಕ್ಕಿಂತ ಹೆಚ್ಚೇನೂ ಹೇಳಲು ಅವತ್ತು ಲಿಂಕ್ ಅವರಿಗೆ ಆಗಲಿಲ್ಲ. ಬರಗಾಲದ ದಿನಗಳಲ್ಲಿ ದನ ಸಾಕುವವನಿಗೆ ಬೇರೆ ಮೇವು ಎಲ್ಲಿಂದ ಬರಬೇಕು? ಆ ಕ್ಯಾನ್ ಲಿಂಕ್ ಅವರನ್ನು ಸುಮ್ಮನಿರಲು ಬಿಡಲಿಲ್ಲ. ಆರು ವರ್ಷ ಆ ಮೇವನ್ನು ಸೋಸಿ ಸೋಸಿ, 1939ರಲ್ಲಿ ಅವರ ತಂಡ ಅದರ ವಿಷವನ್ನು ಹರಳುಗಳಾಗಿ ಬೇರ್ಪಡಿಸಿತು. ಅದೇ ಡೈಕೌಮರಾಲ್. ಗಿಡದಲ್ಲಿ ಕೌಮರಿನ್ ಎಂಬ ಸುವಾಸನೆಯ ವಸ್ತು ಇರುತ್ತದೆ. ಹೊಸದಾಗಿ ಕೊಯ್ದ ಹುಲ್ಲಿನ ಘಮ ಬಹುಪಾಲು ಅದರದೇ. ಆ ಕೌಮರಿನ್ ರಕ್ತವನ್ನು ಏನೂ ಮಾಡುವುದಿಲ್ಲ. ಬೂಷ್ಟು ಬಂದು ಅದನ್ನು ಡೈಕೌಮರಾಲ್ ಮಾಡಿದಾಗಲೇ ಅಪಾಯ.

ಇದೇ ಬಗೆಯ ಹಲವು ವಸ್ತುಗಳನ್ನು ಲಿಂಕ್ ತಂಡ ತಯಾರಿಸಿ ನೋಡಿತು. ಅದರಲ್ಲಿ ಒಂದು 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. ಸಂಶೋಧನೆಗೆ ಹಣ ಕೊಟ್ಟ ವಿಸ್ಕಾನ್ಸಿನ್ ಅಲಮ್ನೈ ರಿಸರ್ಚ್ ಫೌಂಡೇಶನ್ನಿನ ಮೊದಲಕ್ಷರಗಳಿಂದ ‘ವಾರ್ಫ್’, ಕೌಮರಿನ್ನಿನ ಕೊನೆಯಿಂದ ‘ಅರಿನ್’. ಎರಡೂ ಸೇರಿ ವಾರ್ಫರಿನ್. 1951ರಲ್ಲಿ ಅಮೆರಿಕದ ಸೇನೆಗೆ ಸೇರಿದ ಯುವಕನೊಬ್ಬ ಸಾಯಲೆಂದು ಇದನ್ನು ತುಂಬಾ ತಿಂದ. ಅವನಿಗೆ ವಿಟಮಿನ್ ಕೆ ಮತ್ತು ರಕ್ತ ಕೊಟ್ಟರು, ಚೇತರಿಸಿಕೊಂಡ. ವಿಷಕ್ಕೆ ನಂಬಬಹುದಾದ ಮದ್ದು ಇದೆ ಎಂದು ಗೊತ್ತಾದ ಮೇಲೆ ಮನುಷ್ಯರಿಗೆ ಔಷಧವಾಗಿ ಬಳಸುವ ಧೈರ್ಯ ಬಂತು. 1954ರಲ್ಲಿ ಅನುಮತಿ ಸಿಕ್ಕಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರಿಗೂ ಇದನ್ನೇ ಕೊಟ್ಟರು.

ಚಿಕ್ಕಪ್ಪನಿಗೆ ಇಷ್ಟನ್ನು ಹೇಳಿ. ಗಿಡದ ಮೂಲದ್ದು ಬೇಕು ಎಂದರೆ ಅದು ಆಗಲೇ ಅಮ್ಮನ ಮಾತ್ರೆಯಲ್ಲಿದೆ. ಮಾತ್ರೆಯಲ್ಲಿ ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಇಟ್ಟಿದ್ದಾರೆ. ಜೀವ ಉಳಿಸುವುದು ಆ ಅಳತೆ. ಹಾಳು ಮೇವು ತಿಂದ ದನಕ್ಕೆ ಇಲ್ಲದೇ ಹೋದದ್ದು ಕೂಡ ಅದೇ.

ಇನ್ನು ಸೊಪ್ಪಿನ ವಿಚಾರ. ಸೊಪ್ಪಿನ ಬಗ್ಗೆ ಹೆದರಿಸುವುದು ಅದರಲ್ಲಿರುವ ವಿಟಮಿನ್ ಕೆ ಕಾರಣಕ್ಕೆ. ವಿಟಮಿನ್ ಕೆ ಹೆಸರಿನ ‘ಕೆ’ ಬಂದಿದ್ದು ಹೆಪ್ಪುಗಟ್ಟುವಿಕೆಗೆ ಡೇನಿಶ್ ಮತ್ತು ಜರ್ಮನ್ ಭಾಷೆಗಳಲ್ಲಿರುವ ಪದದಿಂದ. ಕೋಪನ್‌ಹೇಗನ್‌ನ ಹೆನ್ರಿಕ್ ಡ್ಯಾಮ್ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ನೋಡುತ್ತಿದ್ದಾಗ ಅವಕ್ಕೆ ರಕ್ತಸ್ರಾವವಾಗುವುದನ್ನು ಕಂಡರು. ಆ ಜಾಡು ಹಿಡಿದು ಈ ವಿಟಮಿನ್ ಕಂಡುಹಿಡಿದದ್ದಕ್ಕೆ ಅವರಿಗೆ 1943ರ ನೊಬೆಲ್ ಬಂತು. ನಮ್ಮ ಯಕೃತ್ತು ತಯಾರಿಸುವ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಲ್ಲಿ ನಾಲ್ಕಕ್ಕೆ, ಅಂದರೆ 2, 7, 9 ಮತ್ತು 10ನೇ ನಂಬರಿನವಕ್ಕೆ, ವಿಟಮಿನ್ ಕೆ ಬೇಕೇ ಬೇಕು. ಅದಿಲ್ಲದಿದ್ದರೆ ಪ್ರೋಟೀನ್ ತಯಾರಾಗುತ್ತದೆ, ಆದರೆ ಕ್ಯಾಲ್ಸಿಯಂ ಹಿಡಿಯುವ ಕೊಕ್ಕೆ ಅದಕ್ಕೆ ಇರುವುದಿಲ್ಲ. ಕೊಕ್ಕೆ ಇಲ್ಲದ ಪ್ರೋಟೀನ್ ಗಾಯದ ಜಾಗಕ್ಕೆ ಕಚ್ಚಿಕೊಳ್ಳುವುದಿಲ್ಲ.

ವಾರ್ಫರಿನ್ ಇಲ್ಲಿ ಏನು ಮಾಡುತ್ತದೆ? ಒಂದು ಕುಡುಗೋಲನ್ನು ನೆನೆಸಿಕೊಳ್ಳಿ. ಕೊಯ್ದು ಕೊಯ್ದು ಮೊಂಡಾಗುತ್ತದೆ. ಕುಲುಮೆಗೆ ಒಯ್ದು ತಟ್ಟಿಸಿ, ಸಾಣೆ ಹಿಡಿಸಿ ಮತ್ತೆ ಗದ್ದೆಗೆ ತರುತ್ತೇವೆ. ದೇಹವೂ ವಿಟಮಿನ್ ಕೆಯನ್ನು ಹೀಗೇ ಬಳಸುತ್ತದೆ. ಒಂದು ಸಲ ಕೆಲಸ ಮಾಡಿ ಮೊಂಡಾದದ್ದನ್ನು ಒಂದು ಕಿಣ್ವ ಹರಿತ ಮಾಡಿ ಮತ್ತೆ ಕೊಡುತ್ತದೆ. ವಾರ್ಫರಿನ್ ಆ ಕುಲುಮೆಯ ಬಾಗಿಲನ್ನು ಅರ್ಧ ಮುಚ್ಚುತ್ತದೆ. ನಮ್ಮಲ್ಲಿ ತುಂಬಾ ಜನರಿಗೆ ಕೊಡುವ ಅಸಿನೊಕೌಮರಾಲ್ ಕೂಡ ಇದೇ ಮನೆತನದ್ದು, ಕೆಲಸವೂ ಇದೇ. ಬಾಗಿಲು ಮುಚ್ಚಿರುವಾಗ ಒಂದೇ ಸಲ ಹೊರೆ ಹೊರೆ ಹೊಸ ಕುಡುಗೋಲು ತಂದರೆ? ಕೊಯ್ಲು ಮತ್ತೆ ಜೋರಾಗುತ್ತದೆ. ತವರಿನಲ್ಲಿ ಆಗಿದ್ದು ಅದೇ ಇರಬೇಕು ಎಂದು ನನಗನಿಸುತ್ತದೆ. ವರ್ಷಗಟ್ಟಲೆ ಸೊಪ್ಪು ತಿನ್ನದವರು ಎಂಟು ದಿನ ಬಸ್ಸಾರು, ದಂಟಿನ ಸೊಪ್ಪು, ಕೊತ್ತಂಬರಿ ಚಟ್ನಿ ಅಂತ ಬಾಯಾರೆ ತಿಂದಿರುತ್ತಾರೆ. ಐಎನ್‌ಆರ್ 1.7ಕ್ಕೆ ಇಳಿಯಿತು. ಅವರಿಗೆ ಕೇಳಿ ನೋಡಿ, ನೆನಪಿರುತ್ತದೆ.

ಸೊಪ್ಪಿನಲ್ಲಿ ವಿಟಮಿನ್ ಕೆ ಎಷ್ಟಿರುತ್ತದೆ ಗೊತ್ತಾ? ನೂರು ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 480 ಮೈಕ್ರೋಗ್ರಾಂ. ಕೊತ್ತಂಬರಿ ಸೊಪ್ಪಿನಲ್ಲಿ ಸುಮಾರು 310. ಎಲೆಕೋಸಿನಲ್ಲಿ 75ರ ಆಸುಪಾಸು. ಟೊಮೇಟೊ, ಆಲೂಗಡ್ಡೆಯಲ್ಲಿ ಹತ್ತಕ್ಕಿಂತ ಕಡಿಮೆ. ಅಮೆರಿಕದ ಲೆಕ್ಕದಲ್ಲಿ ವಯಸ್ಕ ಹೆಂಗಸರಿಗೆ ದಿನಕ್ಕೆ 90 ಮೈಕ್ರೋಗ್ರಾಂ ಸಾಕು. ಬೇಯಿಸಿದರೆ ಇದು ಹಾಳಾಗುವುದಿಲ್ಲ. ಎಣ್ಣೆಯಲ್ಲಿ ಕರಗುವ ವಿಟಮಿನ್ ಆದ್ದರಿಂದ ಒಗ್ಗರಣೆ ಬಿದ್ದರೆ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಸಾರಿನ ಮೇಲೆ ಉದುರಿಸುವ ನಾಲ್ಕು ಎಸಳು ಕೊತ್ತಂಬರಿಗೆ ಹೆದರಬೇಡಿ. ಒಂದು ಕಟ್ಟು ರುಬ್ಬಿದ ಚಟ್ನಿ ಬೇರೆ ಲೆಕ್ಕ.

ಹಾಗಾದರೆ ಸೊಪ್ಪು ಬಿಟ್ಟಿದ್ದೇ ಸರಿಯಲ್ವಾ ಎಂದು ನೀವು ಕೇಳಬಹುದು. ಅಲ್ಲ. ಇದು ನನಗೆ ತುಂಬಾ ಬೇಸರ ತರುವ ಸಲಹೆ. ಪೂರ್ತಿ ಬಿಟ್ಟವರ ಮೈಯಲ್ಲಿ ವಿಟಮಿನ್ ಕೆ ದಾಸ್ತಾನು ತೀರಾ ಕಡಿಮೆ ಇರುತ್ತದೆ. ತುಂಬಿದ ಕೆರೆಗೆ ಒಂದು ಕೊಡ ನೀರು ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಬತ್ತಿದ ಹೊಂಡಕ್ಕೆ ಹಾಕಿದರೆ ಮಟ್ಟ ಎದ್ದು ಕಾಣುತ್ತದೆ. ಹಾಗೇ ಇವರಿಗೆ ಒಂದು ದಿನದ ಸೊಪ್ಪು, ಒಂದು ದಿನದ ಉಪವಾಸ, ಯಾವುದೇ ಸಣ್ಣ ಬದಲಾವಣೆಯೂ ಐಎನ್‌ಆರ್ ಅಲುಗಾಡಿಸುತ್ತದೆ. ಐಎನ್‌ಆರ್ ನಿಲ್ಲದೆ ಏರಿಳಿಯುವವರ ಊಟದಲ್ಲಿ ಉಳಿದವರಿಗಿಂತ ವಿಟಮಿನ್ ಕೆ ಕಡಿಮೆ ಇತ್ತು ಎಂದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಅಧ್ಯಯನ ಮಾಡಿದವರು ಕಂಡಿದ್ದಾರೆ. ಅದಲ್ಲದೆ ರಾಗಿಮುದ್ದೆ, ಸೊಪ್ಪಿನ ಸಾರು ತಿಂದು ಬೆಳೆದ ಹೆಂಗಸಿಗೆ ಸೊಪ್ಪು ಬಿಡಿಸಿದರೆ ಕಬ್ಬಿಣ, ಫೋಲೇಟ್, ನಾರು ಎಲ್ಲವೂ ತಟ್ಟೆಯಿಂದ ಹೋಗುತ್ತವೆ.

4.6ಕ್ಕೆ ಏರಿದ್ದಕ್ಕೂ ಕಾರಣ ಊಹಿಸಬಹುದು. ಹೊಟ್ಟೆ ಕೆಟ್ಟಾಗ ಊಟ ಸೇರಿರುವುದಿಲ್ಲ. ಭೇದಿಗೆ ಸಾಮಾನ್ಯವಾಗಿ ಕೊಡುವ ಮೆಟ್ರೊನಿಡಜೋಲ್, ವಾರ್ಫರಿನ್ ಅನ್ನು ಯಕೃತ್ತು ಕರಗಿಸಿ ಹೊರಹಾಕುವುದನ್ನು ತಡೆಯುತ್ತದೆ. ಮಾತ್ರೆ ಅಷ್ಟೇ, ಆದರೆ ಮೈಯಲ್ಲಿ ಉಳಿಯುವುದು ಜಾಸ್ತಿ. ಆ ಚೀಟಿ ಇದ್ದರೆ ಹುಡುಕಿ, ಯಾವ ಮಾತ್ರೆ ಕೊಟ್ಟಿದ್ದರು ನೋಡಿ.

ಈಗ ಕಷಾಯದ ಮಾತು. ಬೆಳ್ಳುಳ್ಳಿ ಹೆಪ್ಪುಗಟ್ಟುವಿಕೆಯ ಮೇಲೆ ಪರಿಣಾಮ ಮಾಡುವುದು ನಿಜ. ಹಸಿ ಎಸಳು ಜಜ್ಜಿದಾಗ ಅಲಿಸಿನ್ ಎಂಬ ಗಂಧಕದ ಸಂಯುಕ್ತ ಹುಟ್ಟುತ್ತದೆ, ಅದರಿಂದ ಅಜೋಯಿನ್ ಬರುತ್ತದೆ. ಇವು ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ತಡೆಯುತ್ತವೆ. ಶುಂಠಿಯ ಜಿಂಜರಾಲ್, ಲವಂಗದ ಯೂಜಿನಾಲ್, ಅರಿಶಿನದ ಕರ್ಕ್ಯುಮಿನ್ ಇವೆಲ್ಲ ಪ್ರಯೋಗಾಲಯದಲ್ಲಿ ಇದೇ ಗುಣ ತೋರಿಸಿವೆ. ಬೆಳ್ಳುಳ್ಳಿ ಜಾಸ್ತಿಯಾಗಿ ತೊಂದರೆಯಾದ ಉದಾಹರಣೆಯೂ ಇದೆ. ದಿನಾ ನಾಲ್ಕು ಎಸಳಿನಷ್ಟು ತಿನ್ನುತ್ತಿದ್ದ 87 ವರ್ಷದ ಒಬ್ಬರಿಗೆ ಪೆಟ್ಟೇ ಬೀಳದೆ ಬೆನ್ನುಹುರಿಯ ಸುತ್ತ ರಕ್ತಸ್ರಾವವಾದದ್ದು 1990ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು.

ಪರಿಣಾಮ ಇದೆ ಎಂದ ಮೇಲೆ ಮಾತ್ರೆ ಬದಲಿಗೆ ಇದನ್ನೇ ಯಾಕೆ ಕೊಡಬಾರದು? ಮೊದಲು ಹೇಳಿದ ಕಲ್ಲು, ಗಾರೆ ನೆನಪಿಸಿಕೊಳ್ಳಿ. ಬೆಳ್ಳುಳ್ಳಿ, ಶುಂಠಿ ಮುಟ್ಟುವುದು ಹೆಚ್ಚಾಗಿ ಪ್ಲೇಟ್‌ಲೆಟ್‌ಗಳನ್ನು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಗಡ್ಡೆಯಾಗುವುದರಲ್ಲಿ ಗಾರೆಯ ಪಾತ್ರ ದೊಡ್ಡದು. ರಕ್ತ ಪರಕೀಯ ವಸ್ತುವನ್ನು ಮುಟ್ಟಿದ ಕೂಡಲೇ ಪ್ರೋಟೀನ್‌ಗಳ ಸಾಲು ಎಚ್ಚರಗೊಳ್ಳುತ್ತದೆ. ಪ್ಲೇಟ್‌ಲೆಟ್‌ಗಳನ್ನು ಬಲವಾಗಿ ತಡೆಯುವ ಆಸ್ಪಿರಿನ್ ಕೂಡ ಒಂದೇ ಅಲ್ಲಿ ಸಾಲುವುದಿಲ್ಲ. ಹೆಪ್ಪುಗಟ್ಟುವುದನ್ನು ತಡೆಯುವ ಹೊಸ ತಲೆಮಾರಿನ ಔಷಧ ಡಾಬಿಗಾಟ್ರಾನ್ ಅನ್ನು ಲೋಹದ ಕವಾಟದವರಿಗೆ ಕೊಟ್ಟು ಪರೀಕ್ಷಿಸಿದರು. ಗಡ್ಡೆಯೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಗಿ 2012ರಲ್ಲಿ ಆ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ಮಿಲಿಗ್ರಾಂ ಲೆಕ್ಕದಲ್ಲಿ ತಯಾರಾದ ಮಾತ್ರೆಯೇ ಅಲ್ಲಿ ಸೋತಿದೆ. ಒಲೆಯ ಮೇಲೆ ಕುದಿಸಿದ ಕಷಾಯಕ್ಕೆ ಅಮ್ಮನ ಜೀವ ಒಪ್ಪಿಸಬೇಡಿ.

ಇನ್ನೊಂದು ಸಂಗತಿಯನ್ನು ತುಂಬಾ ಜನ ಗಮನಿಸುವುದಿಲ್ಲ. ಐಎನ್‌ಆರ್ ಅಳೆಯುವುದು ಗಾರೆಯ ಕೆಲಸವನ್ನು ಮಾತ್ರ. ಆರೋಗ್ಯವಂತರಲ್ಲಿ ಅದು 1ರ ಹತ್ತಿರ ಇರುತ್ತದೆ. ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇಡುತ್ತಾರೆ. ಪ್ಲೇಟ್‌ಲೆಟ್‌ಗಳ ಸ್ಥಿತಿ ಈ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಅಮ್ಮ ಮಾತ್ರೆಯ ಜೊತೆಗೇ ದಿನಾ ಹಸಿ ಬೆಳ್ಳುಳ್ಳಿ ಕಷಾಯ ಕುಡಿದರೆ ಚೀಟಿಯಲ್ಲಿ 3.0 ಎಂದೇ ಬರಬಹುದು, ಒಳಗೆ ರಕ್ತಸ್ರಾವದ ಸಾಧ್ಯತೆ ಹೆಚ್ಚಿರಬಹುದು. ಅದಕ್ಕೇ ಬದಲಿಗೂ ಬೇಡ, ಜೊತೆಗೂ ಬೇಡ ಎನ್ನುತ್ತೇನೆ.

ಅಡುಗೆಯಲ್ಲಿ ಹಾಕುವ ಬೆಳ್ಳುಳ್ಳಿ, ಶುಂಠಿ, ಅರಿಶಿನ ಎಂದಿನಂತೆ ಇರಲಿ. ಒಗ್ಗರಣೆಯ ಬಿಸಿಗೆ ಅಲಿಸಿನ್ ಬಹುಪಾಲು ಹೋಗಿಬಿಡುತ್ತದೆ. ಸಾರಿಗೆ ಹಾಕುವ ಅರಿಶಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ಪಾಲಿನಷ್ಟು, ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಭಯ ಇರುವುದು ಅಂಗಡಿಯ ಕ್ಯಾಪ್ಸೂಲ್‌ಗಳದು. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದ ಅಧ್ಯಯನವೊಂದು ಜಗತ್ತಿನಾದ್ಯಂತ ಹೆಸರಾಯಿತು. ಎರಡು ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದರೆ, ಮನುಷ್ಯರಲ್ಲಿ ಅದು ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಏರಿತು. ಈಗಿನ ಹಲವು ಅರಿಶಿನದ ಕ್ಯಾಪ್ಸೂಲ್‌ಗಳಲ್ಲಿ ಈ ಜೋಡಿ ಇರುತ್ತದೆ. ವಾರ್ಫರಿನ್‌ನಲ್ಲಿ ನೆಮ್ಮದಿಯಾಗಿದ್ದ ಒಬ್ಬರು ಅರಿಶಿನದ ಉತ್ಪನ್ನ ಶುರುಮಾಡಿದ ಮೇಲೆ ಅವರ ಐಎನ್‌ಆರ್ 10 ದಾಟಿತು ಎಂದು ನ್ಯೂಜಿಲೆಂಡಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಜಿಂಕೋ ಎಂಬ ಮರದ ಎಲೆಯ ಸಾರದಿಂದ ಮಾಡಿದ ಮಾತ್ರೆಯ ಬಗ್ಗೆಯೂ ಇಷ್ಟೇ ಎಚ್ಚರ ಬೇಕು. ಚಕ್ಕೆಯ ಬಗ್ಗೆಯೂ ಕೆಲವರು ಕೇಳುತ್ತಾರೆ. ಅಂಗಡಿಯ ದಪ್ಪ ಚಕ್ಕೆಯಲ್ಲಿ ಕೌಮರಿನ್ ಇರುವುದು ಹೌದು. ಆದರೆ ಬೂಷ್ಟಿನ ಕಥೆಯಲ್ಲಿ ನೋಡಿದಿರಲ್ಲ, ಬರೀ ಕೌಮರಿನ್ ರಕ್ತಕ್ಕೆ ಏನೂ ಮಾಡದು. ತುಂಬಾ ತಿಂದರೆ ಯಕೃತ್ತಿಗೆ ತೊಂದರೆ, ಅಷ್ಟೇ.

ನೀವು ಈಗ ಹೀಗೆ ಮಾಡಿ. ಐಎನ್‌ಆರ್ ನೋಡುವ ಡಾಕ್ಟರ ಹತ್ತಿರ ‘ಅಮ್ಮನಿಗೆ ಸೊಪ್ಪು ಮತ್ತೆ ಶುರುಮಾಡಬೇಕು’ ಎಂದು ಮೊದಲೇ ಹೇಳಿ. ಈಗಿನ ಡೋಸ್ ಸೊಪ್ಪಿಲ್ಲದ ಊಟಕ್ಕೆ ಹೊಂದಿಸಿದ್ದು. ಸೊಪ್ಪು ಸೇರಿದರೆ ಅದನ್ನು ಸ್ವಲ್ಪ ಏರಿಸಬೇಕಾಗಬಹುದು. ವಾರಕ್ಕೆ ಇಷ್ಟು ದಿನ, ದಿನಕ್ಕೆ ಒಂದು ಸೌಟು ಬೆಂದ ಸೊಪ್ಪು ಎಂದು ನಿಗದಿ ಮಾಡಿಕೊಳ್ಳಿ. ಅದನ್ನೇ ಹಬ್ಬಕ್ಕೂ ತವರಿಗೂ ಮುಂದುವರಿಸಿ. ಶುರುಮಾಡಿ ಒಂದು ವಾರಕ್ಕೆ ಐಎನ್‌ಆರ್ ನೋಡಿಸಿ. ಮರುದಿನವೇ ನೋಡಿಸಿದರೆ ಪ್ರಯೋಜನವಿಲ್ಲ. ಪ್ರೋಟೀನ್‌ಗಳಲ್ಲಿ 7ನೇದರ ಪ್ರಮಾಣ ಆರು ಗಂಟೆಯಲ್ಲಿ ಅರ್ಧವಾಗುತ್ತದೆ, 2ನೇದಕ್ಕೆ ಎರಡೂವರೆ ದಿನ ಬೇಕು. ಇವತ್ತಿನ ಊಟದ ಪೂರ್ತಿ ಲೆಕ್ಕ ಸಿಗುವುದು ಕೆಲವು ದಿನದ ಮೇಲೆ.

ಒಂದು ನೋಟ್‌ಬುಕ್ ಇಡಿ. ತಾರೀಕು, ಡೋಸ್, ಐಎನ್‌ಆರ್, ಹೊಸ ಮಾತ್ರೆ, ಜ್ವರ, ಉಪವಾಸ ಎಲ್ಲ ಬರೆಯಿರಿ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲು ಕೀಳಿಸಲು ಹೋದರೂ, ಆಯುರ್ವೇದದವರ ಹತ್ತಿರ ಹೋದರೂ ಮೊದಲು ವಾರ್ಫರಿನ್ ಹೆಸರು ಹೇಳಿ. ಮೈಕೈ ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ನೀವಾಗಿಯೇ ಕೊಡಬೇಡಿ. ಸಂಜೆ ಮಾತ್ರೆ ಮರೆತು ರಾತ್ರಿ ನೆನಪಾದರೆ ಕೊಡಿ. ಮರುದಿನ ನೆನಪಾದರೆ ಎರಡು ಸೇರಿಸಿ ಕೊಡಬೇಡಿ, ಬರೆದಿಟ್ಟುಕೊಂಡು ಡಾಕ್ಟರಿಗೆ ಹೇಳಿ.

ಮಲ ಟಾರಿನಂತೆ ಕಪ್ಪಗಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ ಕಾಯಬೇಡಿ. ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕೂಡಲೇ ಹೊರಡಿ. ಇನ್ನೊಂದು ಗುರುತು ಲೋಹದ ಕವಾಟದವರಿಗೆ ಮಾತ್ರ ಇರುವಂಥದ್ದು. ರಾತ್ರಿ ಮನೆ ಸದ್ದಡಗಿದ ಮೇಲೆ ಅಮ್ಮನ ಎದೆಯಿಂದ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳಿಸುತ್ತದೆ, ನೀವೂ ಗಮನಿಸಿರಬಹುದು. ಆ ಸದ್ದು ಮಂಕಾದರೆ ಅಥವಾ ಕೇಳಿಸದೇ ಹೋದರೆ, ಜೊತೆಗೆ ಉಸಿರು ಕಟ್ಟಿದಂತಾದರೆ, ಬೆಳಗಾಗಲಿ ಎಂದು ಕೂರಬೇಡಿ. ಅದೇ ರಾತ್ರಿ ಹೃದ್ರೋಗ ತಜ್ಞರಿರುವ ಆಸ್ಪತ್ರೆಗೆ ಹೊರಡಿ, ನೋಟ್‌ಬುಕ್ ಕೈಯಲ್ಲಿರಲಿ.